ನಾಲಗೆಗೆ ತಿಳಿಯದ ನೀರು

ಸಿರುಗುಪ್ಪದ ಭತ್ತದ ಬಯಲಿನಿಂದ ಕುರುಗೋಡಿನ ಕಲ್ಲುಬೆಟ್ಟಗಳ ಕಡೆಗೆ ಹೊರಟವರು ಒಂದೇ ಹಗಲಿನಲ್ಲಿ ಎರಡು ಬಗೆಯ ನೀರನ್ನು ಕುಡಿಯುವುದುಂಟು. ಒಂದು ತುಂಗಭದ್ರೆಯದು, ಇನ್ನೊಂದು ಕೊಳವೆಬಾವಿಯದು. ಮೊದಲನೆಯದು ಕದಡಿದ್ದರೆ ಮೂಗು ಮುರಿಯುತ್ತೇವೆ. ಎರಡನೆಯದನ್ನು ಎಷ್ಟು ತಿಳಿಯಾಗಿದೆಯೆಂದು ಮೆಚ್ಚಿ ಕುಡಿಯುತ್ತೇವೆ. ಫ್ಲೋರೈಡಿನ ವಿಷಯದಲ್ಲಿ ಈ ಮೆಚ್ಚುಗೆಯನ್ನು ನಂಬಲಾಗದು. ಬಳ್ಳಾರಿ ಜಿಲ್ಲೆಯ ಹಲವೆಡೆ ಗ್ರಾನೈಟ್ ಶಿಲೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ಕರಗಿ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ತಿಳಿಯದು.

1937ರಲ್ಲಿ ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ನೆಲ್ಲೂರು ಸೀಮೆಯಲ್ಲಿ ಬೆನ್ನುಮೂಳೆ ಸೆಟೆದ ರೋಗಿಗಳನ್ನು ಪರೀಕ್ಷಿಸಿ, ಕುಡಿಯುವ ನೀರಿನ ಫ್ಲೋರೈಡೇ ಇದಕ್ಕೆ ಕಾರಣವೆಂದು ಬರೆದರು. ಬಳ್ಳಾರಿಯೂ ಆಗ ಅದೇ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೂಳೆಗಿಂತ ಮೊದಲೇ ಸುಳಿವು ಕೊಡುವುದು ಮಕ್ಕಳ ಹಲ್ಲು. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಫ್ಲೋರೈಡ್ ಹೆಚ್ಚಾದರೆ ಮುಂದೆ ಮೂಡುವ ಹಲ್ಲಿನಲ್ಲಿ ಕಲೆ ನಿಲ್ಲುತ್ತದೆ, ಉಜ್ಜಿದರೆ ಹೋಗದು. ಹಲ್ಲು ತಿಕ್ಕುವುದಿಲ್ಲವೆಂದು ಅಂಥ ಮಕ್ಕಳನ್ನು ಗದರುವುದು ಅನ್ಯಾಯವೇ ಸರಿ.

ಹಾಗಾದರೆ ಅಳೆಯುವುದೆಂತು? 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ವಿದ್ಯುದ್ರಾಸಾಯನಿಕ ಸಂವೇದಕವನ್ನು ಪ್ರಕಟಿಸಿದರು. ಪೆನ್ನಿನಂಥ ಕೊಳವೆಯ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಸ್ಫಟಿಕ. ಒಳಗೆ ಫ್ಲೋರೈಡಿನ ಪ್ರಮಾಣ ಗೊತ್ತಿರುವ ದ್ರಾವಣ. ಸ್ಫಟಿಕದೊಳಗೆ ಸಂಚರಿಸಬಲ್ಲುದು ಫ್ಲೋರೈಡ್ ಅಯಾನು ಮಾತ್ರ. ಒಳಗಿನ ಮತ್ತು ಹೊರಗಿನ ಪ್ರಮಾಣಗಳ ಅಂತರದಿಂದ ಅಲ್ಪ ವಿದ್ಯುತ್ ಒತ್ತಡ ಹುಟ್ಟುತ್ತದೆ. ಹೊರಗಿನ ಪ್ರಮಾಣ ಹತ್ತು ಪಟ್ಟಾದರೆ ಅದು ಸುಮಾರು 59 ಮಿಲಿವೋಲ್ಟಿನಷ್ಟು ಬದಲಾಗುತ್ತದೆ. ನೀರಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳಿದ್ದರೆ ಅವು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವುದರಿಂದ, ಅದನ್ನು ಬಿಡಿಸುವ ದ್ರಾವಣವೊಂದನ್ನು ಮೊದಲೇ ಬೆರೆಸುತ್ತಾರೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸಮ್ಮತ. ಬೇರೆ ನೀರೇ ಇಲ್ಲದೆಡೆ 1.5 ಮಿಲಿಗ್ರಾಂವರೆಗೆ.

ನಮ್ಮ ಮನೆಗಳಲ್ಲಿ ನೀರು ಕಾಯಿಸಿದರೆ ಎಲ್ಲವೂ ಶುದ್ಧವೆಂಬ ಭಾವನೆ ಗಟ್ಟಿಯಾಗಿದೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಉಳಿಯುತ್ತದೆ. ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್.ಒ. ಪೊರೆ ಅದನ್ನು ತಗ್ಗಿಸುತ್ತದೆ, ಆದರೆ ಪೊರೆಯೂ ಸವೆಯುತ್ತದೆ. ಆದುದರಿಂದ ಬಾವಿಯ ನೀರಿನಂತೆ ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷಿಸಬೇಕು. ನೆರೆಯವರ ಬಾವಿಯ ಫಲಿತಾಂಶ ನಮ್ಮದಕ್ಕೆ ಅನ್ವಯಿಸದು. ಒಂದೇ ಊರಿನ ಎರಡು ಬಾವಿಗಳು ಬೇರೆಯಾಗಿರಬಹುದು.

ಬಳ್ಳಾರಿಯ ಪ್ರಯೋಗಾಲಯಕ್ಕೆ ಮಾದರಿ ಒಯ್ಯುವವರು ಗಾಜಿನ ಶೀಸೆ ಬಳಸಬಾರದು. ಫ್ಲೋರೈಡ್ ಗಾಜಿನೊಡನೆ ವರ್ತಿಸಬಲ್ಲುದು. ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ ತುಂಬಿ, ಬಾವಿಯ ಗುರುತನ್ನೂ ದಿನಾಂಕವನ್ನೂ ಬರೆದಂಟಿಸಿ ಒಯ್ಯತಕ್ಕದ್ದು.