ತಂದೆಯ ಪಾಲಿನ ಲೆಕ್ಕ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಯಾರಿಗೆ ತಿಳಿಯದು? ಆದರೆ ಸೀರೆಯಲ್ಲಿ ಹಾಸೂ ಉಂಟು, ಹೊಕ್ಕೂ ಉಂಟು. ಮಗು ಕೃಶವಾಗಿ ಹುಟ್ಟಿದರೆ, ಅಥವಾ ಅದಕ್ಕೆ ಮಾತು ತಡವಾಗಿ ಬಂದರೆ, ಮನೆಯ ಹಿರಿಯರ ಮೊದಲ ವಿಚಾರಣೆ ಸೊಸೆಯದೇ: ಬಸುರಿನಲ್ಲಿ ಏನು ತಿಂದಳು, ಯಾವ ಮಾತ್ರೆ ನುಂಗಿದಳು, ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದಳೆ? ಗರ್ಭ ನಿಲ್ಲುವುದಕ್ಕೆ ಮುನ್ನ ಮಗನಾದವನು ಸೇದಿದ್ದನ್ನೂ ಕುಡಿದದ್ದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚರಕಸಂಹಿತೆ ಇಷ್ಟು ಏಕಪಕ್ಷೀಯವಾಗಿರಲಿಲ್ಲ. ಅದರ ಶಾರೀರಸ್ಥಾನ ಸ್ತ್ರೀಯ ಬೀಜದ ದೋಷವನ್ನು ಹೇಳಿದಂತೆಯೇ ಪುರುಷನ ಬೀಜದ ದೋಷವನ್ನೂ ಹೇಳುತ್ತದೆ.

ಆಧುನಿಕ ವಿಜ್ಞಾನ ಈ ಪ್ರಶ್ನೆಯನ್ನು ಒಮ್ಮೆ ಕೈಗೆತ್ತಿಕೊಂಡು ಕೈಬಿಟ್ಟಿತ್ತೆಂಬುದು ಕುತೂಹಲದ ಸಂಗತಿ. 1910ರ ದಶಕದಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಚಾರ್ಲ್ಸ್ ಸ್ಟಾಕರ್ಡ್ ಎಂಬ ವಿದ್ವಾಂಸ ಗಿನಿಯಿಲಿಗಳಿಗೆ ಮದ್ಯಸಾರದ ಆವಿಯನ್ನು ಉಸಿರಾಡಿಸಿದ. ಗಂಡಿಗೆ ಮಾತ್ರ ಆವಿ ಕೊಟ್ಟು, ಹೆಣ್ಣನ್ನು ಅದರಿಂದ ದೂರವಿಟ್ಟಾಗಲೂ ಮರಿಗಳಲ್ಲಿ ಸಾವೂ ದೌರ್ಬಲ್ಯವೂ ಹೆಚ್ಚಾಗಿ ಕಂಡವು. ಅದೇ ದಶಕದಲ್ಲಿ ರೇಮಂಡ್ ಪರ್ಲ್ ಎಂಬಾತ ಕೋಳಿಗಳ ಮೇಲೆ ಅಂಥದೇ ಪ್ರಯೋಗ ನಡೆಸಿದಾಗ ಬಂದ ಫಲ ಬೇರೆ: ಮರಿಗಳ ಸಂಖ್ಯೆಯೇನೋ ಕಡಿಮೆ, ಆದರೆ ಹುಟ್ಟಿದವು ದೃಢಕಾಯ! ಈ ವಿವಾದ ಬಗೆಹರಿಯುವ ಮುನ್ನವೇ ವಿದ್ವಾಂಸರ ಗಮನ ಬೇರೆಡೆಗೆ ಹರಿಯಿತು. ಗರ್ಭಿಣಿಯ ಮದ್ಯಪಾನದಿಂದ ಶಿಶುವಿಗೊದಗುವ ವಿಕಾರಗಳಿಗೆ 1973ರಲ್ಲಿ ಅಮೆರಿಕದ ವೈದ್ಯರು ಹೆಸರಿಟ್ಟ ಮೇಲೆ ತಾಯಿಯ ಗರ್ಭವೇ ಸಂಶೋಧನೆಯ ಕೇಂದ್ರವಾಯಿತು. 1989ರಿಂದ ಆ ದೇಶದ ಮದ್ಯದ ಬಾಟಲಿಗಳ ಮೇಲೆ ಗರ್ಭಿಣಿಯರು ಕುಡಿಯಕೂಡದೆಂಬ ಎಚ್ಚರಿಕೆ ಕಡ್ಡಾಯವಾಯಿತು. ಎಚ್ಚರಿಕೆ ಸರಿಯಾದದ್ದೇ, ತಂದೆಯ ಮಾತು ಮಾತ್ರ ಅದರಲ್ಲಿಲ್ಲ.

ತಂದೆಯನ್ನು ಬಿಟ್ಟುಬಿಡಲು ಸುಲಭವಾದ ತರ್ಕವೊಂದಿತ್ತು. ತಾಯಿ ಒಂಬತ್ತು ತಿಂಗಳು ಹೊರುತ್ತಾಳೆ; ತಂದೆ ಕೊಡುವುದು ಒಂದೇ ಒಂದು ವೀರ್ಯಾಣು. ಅದರೊಳಗಿನ ವಂಶವಾಹಿಯ ಅಕ್ಷರಗಳನ್ನು ಅವನ ದುಶ್ಚಟ ತಿದ್ದಲಾರದು ಎಂದುಕೊಂಡರಾಯಿತು. ಆದರೆ ಅಕ್ಷರ ಬದಲಾಗದಿದ್ದರೂ ಓದು ಬದಲಾಗಬಹುದೆಂಬುದು ಈಚಿನ ತಿಳಿವಳಿಕೆ. ಗಮಕಿಯ ಮುಂದಿರುವ ಕಾವ್ಯ ಒಂದೇ. ಅಂಚಿನಲ್ಲಿ ಗುರುತು ಹಾಕಿ, ಈ ಪದ್ಯವನ್ನು ಹಾಡು, ಇದನ್ನು ಬಿಡು ಎಂದರೆ ಕೇಳುವವರಿಗೆ ದಕ್ಕುವ ಕಥೆ ಬೇರೆ. ವಂಶವಾಹಿಗಳ ಮೇಲೂ ಅಂಥ ರಾಸಾಯನಿಕ ಗುರುತುಗಳುಂಟು. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಅವುಗಳ ಕೈವಾಡವಿದೆ. ತಾಯಿಯ ಅಂಡಾಣುಗಳ ಮೂಲಕೋಶಗಳು ಅವಳು ಹುಟ್ಟುವ ಮೊದಲೇ ಸಿದ್ಧವಾಗಿರುತ್ತವೆ. ವೀರ್ಯಾಣುಗಳಾದರೋ ದಿನದಿನವೂ ಹೊಸದಾಗಿ, ಒಂದೊಂದೂ ಸುಮಾರು ಎರಡೂವರೆ ತಿಂಗಳು ಹಿಡಿದು ರೂಪುಗೊಳ್ಳುತ್ತವೆ. ಆ ಅವಧಿಯಲ್ಲಿ ತಂದೆಯ ರಕ್ತದಲ್ಲಿ ಹರಿದದ್ದರ ಗುರುತು ಅವುಗಳ ಮೇಲೆ ಬೀಳಲು ಎಡೆಯುಂಟು.

ಇದಕ್ಕೆ 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಾಕ್ಷಿ. ಅಮೆರಿಕದ ವಿಜ್ಞಾನಿಗಳು ಗಂಡಿಲಿಗಳಿಗೆ 60 ದಿನ ಕೊಕೇನ್ ದೊರೆಯುವಂತೆ ಮಾಡಿ, ಅನಂತರ ಅದರ ಸೋಂಕಿಲ್ಲದ ಹೆಣ್ಣಿಲಿಗಳೊಡನೆ ಕೂಡಿಸಿದರು. ಮರಿಗಳನ್ನು ಬೆಳೆಸುವುದರಲ್ಲಿ ತಂದೆಗೆ ಪಾಲೇ ಇರಲಿಲ್ಲ. ಮಕ್ಕಳು ತಂದೆಯನ್ನು ಮೀರಿಸಿದ ವ್ಯಸನಿಗಳಾದಾವೆಂದು ಊಹಿಸುವುದು ಸಹಜ. ಆದದ್ದು ಬೇರೆಯೇ: ಗಂಡುಮರಿಗಳು ಇತರ ಇಲಿಗಳಿಗಿಂತ ಕಡಿಮೆ ಕೊಕೇನ್ ಬಯಸಿದವು; ಹೆಣ್ಣುಮರಿಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ತಂದೆಯ ವೀರ್ಯಾಣುವಿನಲ್ಲಿಯೇ ಒಂದು ವಂಶವಾಹಿಯ ಬಳಿಯ ಗುರುತು ಬದಲಾಗಿತ್ತು. ಇದನ್ನು ವರವೆಂದು ಹಿಗ್ಗುವವರಿಗೆ 2017ರ ಮತ್ತೊಂದು ವರದಿ ಉತ್ತರ ಕೊಟ್ಟಿತು: ಅಂಥ ತಂದೆಯ ಗಂಡುಮರಿಗಳಲ್ಲಿ ನೆನಪಿನ ಶಕ್ತಿ ಕುಂದಿತ್ತು.

ಇಲಿಯಿಂದ ಮನುಷ್ಯನಿಗೆ ಬರುವಾಗ ಅವಸರ ಸಲ್ಲದು. ಇಂಗ್ಲೆಂಡಿನ ಬ್ರಿಸ್ಟಲ್ ಪ್ರಾಂತದ ಕುಟುಂಬಗಳನ್ನು ಅಭ್ಯಸಿಸಿದವರು, 11 ವರ್ಷ ತುಂಬುವ ಮೊದಲೇ ಸಿಗರೇಟು ಹಿಡಿದ ತಂದೆಯರ ಗಂಡುಮಕ್ಕಳು 9ನೆಯ ವಯಸ್ಸಿನಲ್ಲಿ ಸರಾಸರಿಗಿಂತ ಸ್ಥೂಲರಾಗಿದ್ದರೆಂದು 2006ರಲ್ಲಿ ವರದಿ ಮಾಡಿದರು. ಆದರೆ ಅಂಥ ತಂದೆಯರು ಅವರಿಗೆ ಸಿಕ್ಕದ್ದು 166 ಮಂದಿ ಮಾತ್ರ. ಮಾದಕ ವಸ್ತುವಿಗೆ ಬಿದ್ದವನು ಬಹುಮಟ್ಟಿಗೆ ಸಿಗರೇಟನ್ನೂ ಸೇದುತ್ತಾನೆ, ಮದ್ಯವನ್ನೂ ಕುಡಿಯುತ್ತಾನೆ. ಮನೆಯಲ್ಲಿ ಹಣವಿರುವುದಿಲ್ಲ, ನೆಮ್ಮದಿಯಿರುವುದಿಲ್ಲ, ಹೆಂಡತಿ ಅವನ ಹೊಗೆಯನ್ನೇ ಉಸಿರಾಡುತ್ತಾಳೆ. ಮಗುವಿಗೆ ತಾಗಿದ್ದು ಇವುಗಳಲ್ಲಿ ಯಾವುದು? ಇದೊಂದು ಮಗುವಿನ ಈ ತೊಂದರೆಗೆ ತಂದೆಯ ಚಟವೇ ಕಾರಣವೆಂದು ಬೆರಳಿಟ್ಟು ತೋರಿಸುವುದು ವೈದ್ಯರಿಂದ ಆಗದು. ಸೊಸೆಯನ್ನು ಇಳಿಸಿದ ಕಟಕಟೆಗೆ ಮಗನನ್ನು ಏರಿಸಿ ಶಿಕ್ಷೆ ವಿಧಿಸಲು ಸಾಕ್ಷ್ಯ ಸಾಲದು. ಅವನನ್ನು ವಿಚಾರಣೆಯಿಂದಲೇ ಹೊರಗಿಡಲು ಕಾರಣವೂ ಇಲ್ಲ.

ಸಮಾಧಾನದ ಸಂಗತಿಯೂ ಒಂದುಂಟು. ಗಾಂಜಾ ಸೇದುವವರ ವೀರ್ಯಾಣುಗಳ ಮೇಲಿನ ಗುರುತುಗಳು ಸೇದದವರವುಗಳಿಗಿಂತ ಭಿನ್ನವೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು ಕಂಡುಕೊಂಡಿದ್ದರು. ಸೇದುವುದನ್ನು 77 ದಿನ ನಿಲ್ಲಿಸಿದ ಮೇಲೆ ಮತ್ತೆ ಪರೀಕ್ಷಿಸಿದಾಗ ಆ ವ್ಯತ್ಯಾಸ ಬಹುಮಟ್ಟಿಗೆ ತಗ್ಗಿತ್ತೆಂದು 2021ರಲ್ಲಿ ತಿಳಿಸಿದರು. ವೀರ್ಯಾಣುಗಳ ಒಂದು ಹೊಸ ಸರದಿ ಸಿದ್ಧವಾಗುವುದಕ್ಕೆ ಬೇಕಾದಷ್ಟೇ ಕಾಲವದು. ನಿಶ್ಚಿತಾರ್ಥವಾಗಿ, ಛತ್ರ ಗೊತ್ತುಮಾಡಿ, ಜವಳಿ ತೆಗೆದು, ಲಗ್ನಪತ್ರಿಕೆ ಹಂಚುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅಷ್ಟು ದಿನಗಳು ಕಳೆದೇ ಇರುತ್ತವೆ.