ಆರ್ಪ್ 77 ಯಾವ ಗುಂಪಿಗೆ?

ಗೆಲಾಕ್ಸಿಗಳ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳಲ್ಲಿ ಮೌಲ್ಯಮಾಪನದ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಚಿತ್ರ ನೋಡಿ ವಿಧ ಗುರುತಿಸಿ.’ ದೀರ್ಘವೃತ್ತೀಯ, ಸುರುಳಿ, ಪಟ್ಟಿ ಸುರುಳಿ, ಅನಿಯತ. ಸರಿ ಉತ್ತರಕ್ಕೆ ಒಂದು ಅಂಕ, ಪಾಠ ಮುಗಿಯಿತು. ನನ್ನ ಪ್ರಕಾರ ಪಾಠ ಶುರುವಾಗಬೇಕಾದದ್ದೇ ಆ ಪ್ರಶ್ನೆಯಿಂದ. ಅದಕ್ಕೆ ಎನ್‌ಜಿಸಿ 1097ರ ಚಿತ್ರವೊಂದು ಸಾಕು.

ಸುಮಾರು 4.5 ಕೋಟಿ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿಯ ನಡುವೆ ನಕ್ಷತ್ರಗಳ ಉದ್ದನೆಯ ಪಟ್ಟಿಯಿದೆ. ಅದರ ಎರಡೂ ತುದಿಗಳಿಂದ ಬಾಹುಗಳು ಹೊರಡುತ್ತವೆ. ಹಬಲ್ ವರ್ಗೀಕರಣದಲ್ಲಿ ಇದು ಪಟ್ಟಿ ಸುರುಳಿ, ಅನುಮಾನವಿಲ್ಲ. ಆದರೆ ಒಂದು ಬಾಹುವಿನ ಪಕ್ಕದಲ್ಲೇ ಪುಟ್ಟ ದೀರ್ಘವೃತ್ತೀಯ ಗೆಲಾಕ್ಸಿಯೊಂದು ಕೂತಿದೆ. ಹಾಲ್ಟನ್ ಆರ್ಪ್ 1966ರಲ್ಲಿ ಪ್ರಕಟಿಸಿದ ವಿಚಿತ್ರ ಗೆಲಾಕ್ಸಿಗಳ ಚಿತ್ರಸಂಪುಟದ 338 ನಮೂದುಗಳಲ್ಲಿ ಇದು 77ನೆಯದು. ಅಚ್ಚುಕಟ್ಟಾದ ಗುಂಪುಗಳಿಗೆ ಸಲೀಸಾಗಿ ಹೊಂದದವುಗಳನ್ನೇ ಆರ್ಪ್ ಬೇಕೆಂದು ಆರಿಸಿದ್ದರು. ಗೆಲಾಕ್ಸಿಗಳು ರೂಪ ತಾಳುವ ಬಗೆ ಅಂಥವುಗಳಿಂದಲೇ ತಿಳಿದೀತು ಎಂಬುದು ಅವರ ಎಣಿಕೆ.

1888ರ ಡ್ರೇಯರ್ ಪಟ್ಟಿಯಲ್ಲಿ 7,840 ಕಾಯಗಳಿವೆ. ಅಲ್ಲಿ 1097 ಎಂಬುದು ಆಕಾಶದಲ್ಲಿನ ಸ್ಥಾನದ ಕ್ರಮಸಂಖ್ಯೆ ಮಾತ್ರ. ಪ್ಯಾಟ್ರಿಕ್ ಮೂರ್ 1995ರಲ್ಲಿ ಹವ್ಯಾಸಿಗಳಿಗಾಗಿ ಮಾಡಿದ ಕಾಲ್ಡ್‌ವೆಲ್ ಪಟ್ಟಿಯಲ್ಲಿ ಇದೇ ಗೆಲಾಕ್ಸಿ 67. ವಸ್ತು ಒಂದೇ, ಪಟ್ಟಿ ಮಾಡಿದವರು ಕೇಳಿಕೊಂಡ ಪ್ರಶ್ನೆ ಬೇರೆ ಬೇರೆ.

ನಮ್ಮ ಮಕ್ಕಳಿಗೆ ಇದು ಹೊಸದಲ್ಲ. ಆಳಂದ, ಅಫಜಲಪುರದ ಮನೆಗಳಲ್ಲಿ ಅದೇ ತೊಗರಿಯನ್ನು ಬೀಜಕ್ಕೆ ಒಂದು ರೀತಿ ಆರಿಸುತ್ತಾರೆ, ಮಾರಾಟಕ್ಕೆ ಇನ್ನೊಂದು ರೀತಿ, ಅಡುಗೆಗೆ ಮತ್ತೊಂದು. ಜೇವರ್ಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಆರ್ಪ್ 77ರ ಚಿತ್ರ ತೋರಿಸಿದಾಗ ಹುಡುಗಿಯೊಬ್ಬಳು ಕೇಳಿದ್ದು: “ಸರ್, ಬಾಜೂಕ ಇರೋ ಸಣ್ಣದು ಯಾವ ಗುಂಪಿನ್ಯಾಗ ಬರ್ತದ್ರಿ?” ಇಂಥ ಪ್ರಶ್ನೆಗೆ ನಮ್ಮ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಪಾಠ ವೀಕ್ಷಣೆಯ ನಮೂನೆಯಲ್ಲೂ ಇಲ್ಲ. ‘ಪರೀಕ್ಷೆಗೆ ಬರುವುದಿಲ್ಲ’ ಎಂಬ ಆಕ್ಷೇಪಣೆ ನನಗೂ ಗೊತ್ತು; ಆದರೆ ಕಾರಣ ಸಹಿತ ಉತ್ತರಕ್ಕೆ ಎರಡು ಅಂಕ, ಬರೀ ಹೆಸರಿಗೆ ಅರ್ಧ ಎಂದು ಅಭ್ಯಾಸ ಬೋಧನೆಯಲ್ಲಾದರೂ ಇಡಲು ಯಾರ ಅಡ್ಡಿ?

ಇನ್ನೊಂದು ಮಾತು. ವಿಲಿಯಂ ಹರ್ಷೆಲ್ 1790ರಲ್ಲಿ ಇದನ್ನು ಕಂಡಾಗ ಇಂಗ್ಲೆಂಡಿನ ಅವರ ಊರಲ್ಲಿ ಇದು ದಿಗಂತದಿಂದ ಎಂಟು ಡಿಗ್ರಿಯಷ್ಟೇ ಮೇಲೇರುತ್ತಿತ್ತು. ನಮ್ಮಲ್ಲಿ ಡಿಸೆಂಬರ್ ನಡುವಿನಲ್ಲಿ, ರಾತ್ರಿ ಒಂಬತ್ತರ ಸುಮಾರಿಗೆ, ದಕ್ಷಿಣಕ್ಕೆ ನಲವತ್ತೆರಡು ಡಿಗ್ರಿ ಎತ್ತರ. ಬರಿಗಣ್ಣಿಗೆ ಕಾಣದು. ಸಣ್ಣ ದೂರದರ್ಶಕದಲ್ಲಿ ಕಾಣುವುದೂ ಮಸುಕಾದ ಒಂದು ಚುಕ್ಕೆಯಷ್ಟೇ, ಪಟ್ಟಿಯೂ ಇಲ್ಲ, ಬಾಹುವೂ ಇಲ್ಲ. ಅದನ್ನು ನೋಡಿದ ಮೇಲೆ ಚಿತ್ರ ತೋರಿಸಿ, ಮಕ್ಕಳು ಏನು ಕೇಳುತ್ತಾರೋ ಬರೆದಿಟ್ಟುಕೊಳ್ಳಬೇಕೆಂದಿದ್ದೇನೆ.