ಮಾರಿಯೋವಿನ ಪಾಠಾಂತರ

ಕಳೆದ ಭಾನುವಾರ ಹೇರೋಹಳ್ಳಿಯ ಅಕ್ಕನ ಮನೆಗೆ ಊಟಕ್ಕೆಂದು ಹೋದವನು ನ್ಯಾಯಾಧೀಶನಾಗಿ ಕುಳಿತುಕೊಳ್ಳಬೇಕಾಯಿತು. ವಾದಿ ನಮ್ಮ ಭಾವನವರು. ಪ್ರತಿವಾದಿ ಅವರ ಮಗ, ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಸೋದರಳಿಯ. ಆರೋಪ ಕಳ್ಳತನದ್ದು. ಕದ್ದ ಮಾಲೆಂದರೆ ಒಂದು ವೀಡಿಯೋ ಆಟ.

"ನೀನೇ ಹೇಳಪ್ಪ, ಕಾಲೇಜಿನಲ್ಲಿ ಪಾಠ ಹೇಳುವವನು. ಇನ್ನೊಬ್ಬರು ಮಾಡಿದ್ದನ್ನು ತೆಗೆದುಕೊಂಡು ಅಲ್ಲಿ ಇಲ್ಲಿ ತಿದ್ದಿ ತನ್ನದೆಂದರೆ ಅದಕ್ಕೇನೆನ್ನಬೇಕು?" ಎಂದರು ಭಾವ. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಅಕ್ಕ ಹೋಳಿಗೆ ಆರುತ್ತದೆಂದು ಎಚ್ಚರಿಸಿದಳು. ಮೊಕದ್ದಮೆ ಇತ್ಯರ್ಥವಾಗದೆ ಯಾರೂ ಏಳುವಂತಿರಲಿಲ್ಲ.

ಕೆಂಪು ಟೊಪ್ಪಿಗೆಯ, ದಪ್ಪ ಮೀಸೆಯ ಮಾರಿಯೋವನ್ನು ಅರಿಯದ ವಾಚಕರು ವಿರಳ. ಜಪಾನಿನ ನಿಂಟೆಂಡೊ ಸಂಸ್ಥೆಯಲ್ಲಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬವರು ರೂಪಿಸಿದ 'ಸೂಪರ್ ಮಾರಿಯೋ ಬ್ರದರ್ಸ್' 1985ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ಎಂಟು ಲೋಕಗಳು, ಲೋಕವೊಂದಕ್ಕೆ ನಾಲ್ಕು ಘಟ್ಟಗಳು, ಒಟ್ಟು 32. ಗುಂಡಿಗಳನ್ನು ನೆಗೆದು, ಆಮೆಗಳನ್ನು ತುಳಿದು, ಕೊಳವೆಗಳಲ್ಲಿ ಇಳಿದು ರಾಜಕುಮಾರಿಯನ್ನು ಸೆರೆಯಿಂದ ಬಿಡಿಸುವುದೇ ಕಥಾವಸ್ತು. 1990ರ ದಶಕದಲ್ಲಿ ನಮ್ಮಂಥವರ ಮನೆಗಳಿಗೆ ಬಂದುದು ಬಹುಮಟ್ಟಿಗೆ ಅಸಲು ಯಂತ್ರವಲ್ಲ, ಅದರ ನಕಲು. ಅದಕ್ಕೆ 'ಟಿವಿ ಗೇಮ್' ಎಂದು ಹೆಸರು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗಿದ್ದವು ಬೆರಳೆಣಿಕೆಯ ಆಟಗಳು ಮಾತ್ರ. ಅವೇ ಬೇರೆ ಬೇರೆ ಹೆಸರು ಹೊತ್ತು, ಬೇರೆ ಬೇರೆ ಘಟ್ಟಗಳಿಂದ ಆರಂಭವಾಗಿ ಮತ್ತೆ ಮತ್ತೆ ಎದುರಾಗುತ್ತಿದ್ದವು. ನಮ್ಮ ಪೀಳಿಗೆಗೆ ಮಾರಿಯೋ ದೊರೆತದ್ದೇ ಪ್ರಕ್ಷೇಪಗಳ ಸಮೇತ ಎನ್ನಬೇಕು.

ಅಳಿಯ ಮಾಡಿದ ಘನಕಾರ್ಯವನ್ನು ನೋಡಿದೆ. ಹಳೆಯ ಯಂತ್ರದ ವೇಷ ಧರಿಸುವ ತಂತ್ರಾಂಶವೊಂದನ್ನು ಗಣಕಯಂತ್ರಕ್ಕೆ ಹಾಕಿಕೊಂಡು, ಅದರಲ್ಲಿ ತನ್ನ ಮಾರ್ಪಾಡನ್ನು ಓಡಿಸಿದ. ಮೊದಲನೆಯ ಘಟ್ಟಕ್ಕೆ 'ಹೇರೋಹಳ್ಳಿ' ಎಂದು ಹೆಸರಿಟ್ಟಿದ್ದ. ಮಾರಿಯೋ ಮಾಗಡಿ ರಸ್ತೆಯಲ್ಲಿ ಹೊರಟು ಕೆರೆಯ ಏರಿಯನ್ನು ತಲಪಬೇಕು. ಹೆಜ್ಜೆ ಹೆಜ್ಜೆಗೂ ಗುಂಡಿ! ಮೂಲದಲ್ಲಿ ಇಷ್ಟು ಗುಂಡಿಗಳಿಲ್ಲವಲ್ಲ ಎಂದರೆ, "ಮಳೆ ಬಂದ ಮಾರನೆಯ ದಿನದ ರಸ್ತೆ ಮಾವ," ಎಂದ. ನನಗೆ ನಗು ತಡೆಯಲಾಗಲಿಲ್ಲ. ಭಾವನವರು ಗಂಭೀರವಾಗಿಯೇ ಇದ್ದರು.

ಇದು ಸಾಧ್ಯವಾಗುವ ಬಗೆಯನ್ನು ಕೇಳಿ ನಾನು ಬೆರಗಾದೆ. ಆ ಇಡೀ ಆಟದ ಗಾತ್ರ 40 ಕಿಲೋಬೈಟುಗಳು. ಇಂದು ಕೈಫೋನಿನಲ್ಲಿ ತೆಗೆಯುವ ಒಂದು ಭಾವಚಿತ್ರವೂ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದುದರಿಂದಲೇ ಅದರ ಕರ್ತೃಗಳದು ಅಪಾರ ಮಿತವ್ಯಯ. ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಆಕೃತಿ, ಬಣ್ಣವಷ್ಟೇ ಬೇರೆ. ಘಟ್ಟಗಳನ್ನು ಚಿತ್ರವಾಗಿ ಕೂಡಿಡದೆ ಪಟ್ಟಿಯಾಗಿ ಬರೆದಿಟ್ಟಿದ್ದಾರೆ: ಇಂಥ ಕಡೆ ಕೊಳವೆ, ಇಂಥ ಕಡೆ ಇಟ್ಟಿಗೆ, ಒಂದೊಂದಕ್ಕೆ ಎರಡೆರಡು ಬೈಟು. ಆ ಅಂಕೆಗಳನ್ನು ಬದಲಿಸಿದರೆ ಲೋಕವೇ ಬದಲಾಗುತ್ತದೆ. ಆದರೆ ಮೂಲದ ಅಳತೆಯನ್ನು ಮೀರದೆ ಕೆಲಸ ಮಾಡುವವನು ಒಂದು ಕೊಳವೆಯನ್ನು ಹೆಚ್ಚಿಸಬೇಕಾದರೆ ಮತ್ತೊಂದು ಕಡೆ ಏನನ್ನಾದರೂ ಬಿಟ್ಟುಕೊಡಬೇಕು. ಷಟ್ಪದಿಯಲ್ಲಿ ಮಾತ್ರೆ ಹೊಂದಿಸುವ ಕಷ್ಟವೂ ಇದೇ ಅಲ್ಲವೆ?

ಲೋಕದಲ್ಲಿ ಇಂಥ ಮಾರ್ಪಾಡುಗಾರರು ಅನೇಕರಿದ್ದಾರೆ. 1990ರ 'ಸೂಪರ್ ಮಾರಿಯೋ ವರ್ಲ್ಡ್' ಆಟವನ್ನು ತಿದ್ದಲು 'ಲೂನಾರ್ ಮ್ಯಾಜಿಕ್' ಎಂಬ ಸಾಧನವನ್ನು ಅಭಿಮಾನಿಯೊಬ್ಬ 2000ದಲ್ಲಿ ರಚಿಸಿದ. 2007ರಲ್ಲಿ ಜಪಾನಿನ ಒಬ್ಬಾತ ತನ್ನ ಗೆಳೆಯನನ್ನು ಗೋಳಾಡಿಸಲೆಂದು ಆ ಆಟವನ್ನು ಅತಿ ಕಠಿನವಾಗಿ ಮಾರ್ಪಡಿಸಿದ. 'ಕೈಜೋ' ಎಂಬ ಹೆಸರಿನಲ್ಲಿ ಅದೇ ಒಂದು ಪ್ರಕಾರವಾಗಿ ಬೆಳೆಯಿತು. ಆ ಜಪಾನೀ ಪದಕ್ಕೆ ಮಾರ್ಪಾಡು ಎಂದೇ ಅರ್ಥ.

ಹಾಗಾದರೆ ಇದು ಕಳ್ಳತನವಲ್ಲವೆ? 1957ರ ನಮ್ಮ ಹಕ್ಕುಸ್ವಾಮ್ಯ ಕಾಯಿದೆ, ಮುಂದಿನ ತಿದ್ದುಪಡಿಗಳ ಫಲವಾಗಿ, ಗಣಕಯಂತ್ರದ ಕಾರ್ಯಕ್ರಮಗಳನ್ನು 'ಸಾಹಿತ್ಯ ಕೃತಿ'ಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಒಡೆಯರ ಅನುಮತಿಯಿಲ್ಲದೆ ಅಂಥ ಕೃತಿಯನ್ನು ಪ್ರತಿಮಾಡಿ ಹಂಚುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಈ ಮಾತಿನಲ್ಲಿ ಭಾವನವರ ಪಕ್ಷ ಬಲವಾದದ್ದೇ.

ಆದರೆ ಕೃತಿ ಸಾಹಿತ್ಯವೆಂದಾದ ಮೇಲೆ ಸಾಹಿತ್ಯದ ಸಾಕ್ಷ್ಯವನ್ನೂ ಕೇಳಬೇಕಷ್ಟೆ. ವ್ಯಾಸರು ಐವರಿಗೆ ಕೊಟ್ಟ ದ್ರೌಪದಿಯನ್ನು ಪಂಪ ಅರ್ಜುನನೊಬ್ಬನ ಮಡದಿಯಾಗಿಸಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಅದೇ ಭಾಮಿನಿಯಲ್ಲಿ ಮುಂದುವರಿಸಿದ. ಇವರನ್ನು ಯಾರೂ ಕಳ್ಳರೆನ್ನಲಿಲ್ಲ; ಇಂಥಿಂಥವರದು ಇಂಥಿಂಥದೆಂಬುದು ಎಲ್ಲರಿಗೂ ತಿಳಿದಿತ್ತು. ತೊಂದರೆ ಕೊಟ್ಟವರು ಬೇರೆ. ತಾವು ಕಟ್ಟಿದ ಪದ್ಯವನ್ನು ಕವಿಯ ಪದ್ಯಗಳ ನಡುವೆ ಸದ್ದಿಲ್ಲದೆ ಸೇರಿಸಿದ ಪ್ರತಿಕಾರರು ಅವರು. ಯಾವುದು ಕವಿಯದು, ಯಾವುದು ಅಲ್ಲ ಎಂದು ಓಲೆಗರಿಗಳನ್ನು ಹೋಲಿಸುತ್ತ ನಮ್ಮ ಗ್ರಂಥಸಂಪಾದಕರು ಕಣ್ಣು ಕಳೆದುಕೊಂಡರು.

"ಆಟದ ಮೊದಲ ಪುಟ ತೋರಿಸು," ಎಂದೆ. ಹುಡುಗ ಹಿಂಜರಿದ. '1985 ನಿಂಟೆಂಡೊ' ಎಂದು ಇರಬೇಕಾದ ಸ್ಥಳದಲ್ಲಿ ಅವನ ಹೆಸರಿತ್ತು.

ನಮ್ಮ ಪ್ರತಿಕಾರ ತನ್ನ ಪದ್ಯವನ್ನು ಕವಿಯ ಹೆಸರಿನಡಿ ಬಚ್ಚಿಟ್ಟ. ಈತ ಕವಿಯ ಹೆಸರನ್ನೇ ತನ್ನ ಹೆಸರಿನಡಿ ಬಚ್ಚಿಟ್ಟಿದ್ದ. ತಪ್ಪು ತಿದ್ದಿದ್ದರಲ್ಲಿ ಇರಲಿಲ್ಲ, ಅಳಿಸಿದ್ದರಲ್ಲಿ ಇತ್ತು. ಇದನ್ನೇ ಹೇಳಿದೆ. ಆಗ, ಆಶ್ಚರ್ಯವೆಂದರೆ, ಭಾವನವರೇ ಮೆತ್ತಗಾದರು. ಅವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ನಕ್ಷೆಗಳ ನಡುವೆ ಕೂದಲು ನರೆಸಿಕೊಂಡವರು. "ನಮ್ಮ ಡ್ರಾಯಿಂಗಿನಲ್ಲಿಯೂ ಅಷ್ಟೆ. ಮೊದಲು ಬರೆದವನ ಹೆಸರು ಮೂಲೆಯಲ್ಲಿರುತ್ತದೆ. ತಿದ್ದಿದವನು ಅದರ ಪಕ್ಕದಲ್ಲಿ ಏನು ತಿದ್ದಿದೆ, ಎಂದು ತಿದ್ದಿದೆ ಎಂದು ಬರೆದು ಸಹಿ ಹಾಕುತ್ತಾನೆ. ಹಳೆಯ ಹೆಸರನ್ನು ಯಾರೂ ಅಳಿಸುವುದಿಲ್ಲ ಕಣೋ," ಎಂದು ಮಗನಿಗೆ ಹೇಳಿದರು. ಅಂದು ಬೆಳಗಿನಿಂದ ಅವನೊಡನೆ ಅವರು ಕೋಪವಿಲ್ಲದೆ ಆಡಿದ ಮೊದಲ ಮಾತು ಅದಂತೆ.

ಹಂಚಿಕೆಯ ಪ್ರಶ್ನೆ ಉಳಿಯಿತು. ಅದಕ್ಕೆ ಮಾರ್ಪಾಡುಗಾರರಲ್ಲಿಯೇ ಒಂದು ಸಂಪ್ರದಾಯವಿದೆ. ಅವರು ಇಡೀ ಆಟವನ್ನು ಹಂಚುವುದಿಲ್ಲ. ಮೂಲಕ್ಕೂ ತಮ್ಮದಕ್ಕೂ ಇರುವ ವ್ಯತ್ಯಾಸಗಳನ್ನು ಮಾತ್ರ 'ಪ್ಯಾಚ್' ಎಂಬ ಪುಟ್ಟ ಕಡತದಲ್ಲಿ ಬರೆದು ಕೊಡುತ್ತಾರೆ. ಮೂಲವುಳ್ಳವನು ಅದನ್ನು ಜೋಡಿಸಿಕೊಂಡು ಆಡಬೇಕು. ಇಲ್ಲದವನಿಗೆ ಅದು ನಿರರ್ಥಕ. ಕೇಳುತ್ತಲೇ ನನಗೆ ಸಂಪಾದಿತ ಕಾವ್ಯಗಳ ಪುಟದಡಿಯ ಪಾಠಾಂತರಗಳು ನೆನಪಾದವು. ಅವೂ ಮೇಲಿನ ಪದ್ಯವಿಲ್ಲದೆ ಬರಿಯ ಚೂರುಗಳು. ಕಾನೂನಿನ ಸಂಶಯ ಇದರಿಂದಲೂ ಪೂರ್ತಿ ತೀರದು. ಆದರೂ ಮೂಲದ ಮುಂದೆ ತಲೆಬಾಗುವ ರೀತಿ ಇದು.

ಹುಡುಗ ಹಳೆಯ ಹೆಸರನ್ನು ಸ್ವಸ್ಥಾನಕ್ಕೆ ತಂದ. ಅದರ ಕೆಳಗೆ ಚಿಕ್ಕದಾಗಿ ತನ್ನದನ್ನು ಸೇರಿಸಿದ. ನಿಂಟೆಂಡೊ ಸಂಸ್ಥೆಯೇ 2015ರಲ್ಲಿ ಘಟ್ಟಗಳನ್ನು ಕಟ್ಟುವ ಸಾಧನವನ್ನು 'ಸೂಪರ್ ಮಾರಿಯೋ ಮೇಕರ್' ಎಂಬ ಆಟವಾಗಿ ಮಾರಿತು. ಅದರಲ್ಲೊಂದು ಸೊಗಸಾದ ನಿಯಮವಿತ್ತು: ತಾನು ಕಟ್ಟಿದ ಘಟ್ಟವನ್ನು ಮೊದಲು ತಾನೇ ದಾಟಿ ತೋರಿಸದವನು ಅದನ್ನು ಪರರಿಗೆ ಕೊಡುವಂತಿರಲಿಲ್ಲ. ಪ್ರಶ್ನಪತ್ರಿಕೆ ತೆಗೆಯುವ ನಮ್ಮಂಥವರಿಗೂ ಈ ನಿಯಮ ಬಂದರೆ ಎಷ್ಟು ವಿದ್ಯಾರ್ಥಿಗಳು ಬದುಕಿಯಾರು!

"ನೀನು ದಾಟಿ ತೋರಿಸು," ಎಂದರು ಭಾವ. ಅಳಿಯ ಏಳು ಸಲ ಮಾಗಡಿ ರಸ್ತೆಯ ಗುಂಡಿಗೆ ಬಿದ್ದ. ಎಂಟನೆಯ ಸಲ ಕೆರೆಯ ಏರಿಯನ್ನು ಮುಟ್ಟಿದಾಗ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವರು ವಾದಿಗಳೇ. ಹೋಳಿಗೆ ಮಾತ್ರ ಆರಿಹೋಗಿತ್ತು.